ವಿಮಾನ ರಾತ್ರಿ 8.40ಕ್ಕೆ, ಜಗಳ ಶುರುವಾಗಿದ್ದು ಬೆಳಗ್ಗೆ ನಾಲ್ಕೂವರೆಗೆ

(ಗುರುತು ಸಿಗದಂತೆ ಹೆಸರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ. ಬರೆಯಲು ಕುಟುಂಬದ ಮೂವರೂ ಒಪ್ಪಿದ್ದಾರೆ.)

ವನಿತಾ ಎಂದು ಕರೆಯೋಣ. ವಯಸ್ಸು 41. ಮೊದಲ ದಿನ ಸಲಹೆಗಾರರಾದ ನಮ್ಮ ಬಳಿ ಬಂದು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಕೇಳಿದರು: "ಅಪ್ಪ ಅಮ್ಮನ್ನ ಇನ್ನೊಂದ್ಸಲ ಫಾರಿನ್‌ಗೆ ಕರ್ಕೊಂಡು ಹೋಗ್ಲಾ ಬೇಡ್ವಾ? ನೀವೇ ಹೇಳ್ಬಿಡಿ." ಟಿಕೆಟ್ ಆಗಲೇ ಬುಕ್ ಆಗಿತ್ತು. ಹೊರಡಲು ಆರು ವಾರ ಬಾಕಿ ಇತ್ತು. ಹಿಂದಿನ ವರ್ಷದ ಪ್ರವಾಸ ನೆನಪಾದರೆ ಸಾಕು, ಅವರಿಗೆ ನಿದ್ದೆ ಹಾರಿಹೋಗುತ್ತಿತ್ತು.

ತಂದೆಗೆ 72, ತಾಯಿಗೆ 68. ತಂದೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದು ಮಾತ್ರೆಯಲ್ಲೇ ಹಿಡಿತದಲ್ಲಿದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತಗೊಳ್ಳುತ್ತಾರೆ. ತಾಯಿಗೆ ಎರಡೂ ಮಂಡಿ ನೋವು. ಹೋದ ವರ್ಷದ ವಿಮಾನ ರಾತ್ರಿ 8.40ಕ್ಕೆ ಹೊರಡುವಂಥದ್ದು. ಏಳು ಗಂಟೆಯ ಹಾರಾಟ, ಇಳಿಯುವ ದೇಶದ ಗಡಿಯಾರ ಮನೆಯದಕ್ಕಿಂತ ಎರಡೂವರೆ ಗಂಟೆ ಮುಂದೆ. ಗೇಟಿನ ಸಾಲಿನಲ್ಲಿ ನಿಂತಿದ್ದಾಗ ತಂದೆ ಇದ್ದಕ್ಕಿದ್ದಂತೆ ಸಿಡಿದರು. "ನಂಗೆ ಈ ಟ್ರಿಪ್ಪೂ ಬೇಡ, ಏನೂ ಬೇಡ. ನಾನು ಮನೆಗೆ ಹೋಗ್ತೀನಿ." ಸುತ್ತ ನಿಂತವರೆಲ್ಲ ತಿರುಗಿ ನೋಡಿದರು. ಹೇಗೋ ವಿಮಾನ ಹತ್ತಿದರು. ಇಳಿದ ಮೇಲೆ ಎರಡು ದಿನ ತಂದೆ ಮಗಳ ಜೊತೆ ಮಾತಾಡಲಿಲ್ಲ. ತಾಯಿ ಇಬ್ಬರ ನಡುವೆ ಸಿಕ್ಕಿಕೊಂಡು ಕೋಣೆಯಲ್ಲೇ ಅತ್ತರು.

ವನಿತಾ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು: "ಅಪ್ಪನಿಗೆ ನನ್ ಜೊತೆ ಬರೋದೇ ಇಷ್ಟ ಇಲ್ಲ. ನಾನೇನ್ ಮಾಡಿದ್ರೂ ಅವರಿಗೆ ಸಾಲಲ್ಲ."

ಇಂಥ ತೀರ್ಮಾನವನ್ನು ನಾವು ತಕ್ಷಣ ಒಪ್ಪುವುದೂ ಇಲ್ಲ, ತಳ್ಳಿಹಾಕುವುದೂ ಇಲ್ಲ. ಒಂದು ಹಾಳೆ ಕೊಟ್ಟು, ಆ ದಿನವನ್ನು ಗಂಟೆ ಗಂಟೆಯಾಗಿ ಬರೆದುಕೊಂಡು ಬರಲು ಹೇಳಿದೆವು. ಯಾರು ಎಷ್ಟು ಹೊತ್ತಿಗೆ ಎದ್ದರು, ಏನು ತಿಂದರು, ಎಷ್ಟು ನೀರು ಕುಡಿದರು, ಯಾವ ಮಾತ್ರೆ ಯಾವಾಗ ನುಂಗಿದರು, ಯಾವಾಗ ಕಣ್ಣು ಮುಚ್ಚಿದರು, ಇಷ್ಟೇ. ಯಾರು ಏನಂದರು, ಯಾರಿಗೆ ಎಷ್ಟು ನೋವಾಯಿತು ಎನ್ನುವುದನ್ನು ಬರೆಯಬೇಡಿ ಎಂದೂ ಹೇಳಿದ್ದೆವು. ಗೊತ್ತಿಲ್ಲದ್ದನ್ನು ತಾಯಿಗೆ ಫೋನ್ ಮಾಡಿ ಕೇಳಿ ತುಂಬಿಸಿಕೊಂಡು ಬಂದರು.

ಹಾಳೆಯಲ್ಲಿ ಇದ್ದದ್ದು

ತಂದೆ ಎಂದಿನಂತೆ ಆರಕ್ಕೆ ಏಳುವವರು ಅಂದು ನಾಲ್ಕೂವರೆಗೇ ಎದ್ದಿದ್ದರು. ಪ್ಯಾಕಿಂಗ್ ಮುಗಿದಿರಲಿಲ್ಲ. ಎಂಟಕ್ಕೆ ತಿಂಡಿ, ಜೊತೆಗೆ ಬೆಳಗಿನ ಮಾತ್ರೆಗಳು. ಹನ್ನೆರಡಕ್ಕೆ ಊಟ, ಅದೂ ಅರ್ಧಂಬರ್ಧ, "ಹೊಟ್ಟೆ ಭಾರ ಆಗಬಾರದು" ಅಂತ. ದಿನವೂ ಒಂದೂವರೆಯಿಂದ ಮಲಗುವ ನಿದ್ದೆ ಅಂದು ಇಲ್ಲ. ಆ ಹೊತ್ತಿನಲ್ಲಿ ಮಗಳು ಸೂಟ್‌ಕೇಸ್ ತೂಗಿ, ತೆಗೆದು, ಮತ್ತೆ ತುಂಬುತ್ತಿದ್ದರು. ನಾಲ್ಕಕ್ಕೆ ಒಂದು ಲೋಟ ಕಾಫಿ ಕುಡಿದು ಮನೆ ಬಿಟ್ಟರು. ಟಾಯ್ಲೆಟ್ ಎಲ್ಲಿ ಹುಡುಕುವುದು ಎಂಬ ಭಯಕ್ಕೆ ತಂದೆ ಮಧ್ಯಾಹ್ನದಿಂದ ನೀರೇ ಕುಡಿದಿರಲಿಲ್ಲ. ಇದು ಮಗಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ, ಫೋನಿನಲ್ಲಿ ತಾಯಿ ಹೇಳಿದ್ದು.

ಐದು ಇಪ್ಪತ್ತಕ್ಕೆ ವಿಮಾನ ನಿಲ್ದಾಣ. ಕೌಂಟರ್‌ನಲ್ಲಿ ಒಂದು ಬ್ಯಾಗು 2.4 ಕೆ.ಜಿ. ಹೆಚ್ಚು ಬಂತು. ನೆಲದ ಮೇಲೆ ಬ್ಯಾಗ್ ಬಿಚ್ಚಿ ತಾಯಿಯ ಬಟ್ಟೆಗಳನ್ನು ಸಾಲಿನ ಮುಂದೆಯೇ ಇನ್ನೊಂದಕ್ಕೆ ತುರುಕಿದರು. ಆರು ಮುಕ್ಕಾಲಿಗೆ ಸೆಕ್ಯೂರಿಟಿ. ತಂದೆ ಬೆಲ್ಟು ಬಿಚ್ಚಿ ಟ್ರೇಗೆ ಹಾಕಿದರು, ಶೂ ಕಳಚಿದರು, ಒಂದು ಕೈಯಲ್ಲಿ ಜಾರುವ ಪ್ಯಾಂಟು ಹಿಡಿದು ಇನ್ನೊಂದು ಕೈ ಮೇಲೆತ್ತಿ ನಿಂತರು. ಹಿಂದಿನಿಂದ ಮಗಳು "ಬೇಗ ಅಪ್ಪಾ, ಜನ ಕಾಯ್ತಿದಾರೆ" ಅಂದರು. ಏಳೂಕಾಲಿಗೆ, ಮನೆಯಲ್ಲಿ ರಾತ್ರಿಯೂಟ ಏಳೂವರೆಗೆ ಆದ್ದರಿಂದ, ಅಭ್ಯಾಸದಂತೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರು. ಊಟ? ಟಿಕೆಟ್‌ನಲ್ಲಿ ಊಟ ಸೇರಿದೆಯಲ್ಲ, ಇಲ್ಲಿ ಯಾಕೆ ಕೊಳ್ಳಬೇಕು ಅಂತ ಬಿಟ್ಟರು. ಎಂಟು ಹತ್ತಕ್ಕೆ ಗೇಟಿನ ಸಾಲಿನಲ್ಲಿ ಸಿಡಿದರು. ವಿಮಾನದಲ್ಲಿ ಊಟ ಬಂದಾಗ ಹತ್ತು ಗಂಟೆ.

ಹಾಳೆಯನ್ನು ಮೇಜಿನ ಮೇಲಿಟ್ಟು ಅವರನ್ನೇ ಓದಲು ಹೇಳಿದೆವು. ಎಂಟು ಹತ್ತರ ಸಾಲಿಗೆ ಬಂದು ನಿಂತರು. "ಬೆಳಗ್ಗೆ ಎಂಟು ಗಂಟೆಯಿಂದ ಸರಿಯಾಗಿ ಏನೂ ತಿಂದೇ ಇಲ್ಲ ಅಲ್ವಾ ಇವರು." ಆಮೇಲೆ ಮೆಲ್ಲಗೆ: "ಆ ಹೊತ್ತಲ್ಲಿ ಅಪ್ಪನ ಅಂಗಿ ಬೆನ್ನೆಲ್ಲ ಒದ್ದೆ ಇತ್ತು. ಎಸಿ ಇದ್ರೂನು. ಸಿಟ್ಟಿಗೆ ಬೆವರಿದ್ದಾರೆ ಅಂದ್ಕೊಂಡೆ."

ನಾವು ವೈದ್ಯರಲ್ಲ. ಅಂದು ಯಾರೂ ಗ್ಲೂಕೋಮೀಟರ್ ತೆಗೆದು ನೋಡಿಯೂ ಇರಲಿಲ್ಲ. ಆದರೆ ಸಕ್ಕರೆ ಇಳಿದಾಗ ಬರುವ ಲಕ್ಷಣಗಳಲ್ಲಿ ತಣ್ಣನೆ ಬೆವರು, ಕೈ ನಡುಕ, ಎದೆಬಡಿತದ ಜೊತೆ ಕಾರಣವಿಲ್ಲದ ಸಿಟ್ಟು, ಹಟ, ಗೊಂದಲವೂ ಇವೆ. ಮನೆಯವರಿಗೆ ಕಾಣುವುದು ಈ ಸಿಟ್ಟು ಮಾತ್ರ, ಅದನ್ನೇ ಸ್ವಭಾವ ಎಂದುಕೊಳ್ಳುತ್ತಾರೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ಊಟ ಬರಲಿ ಬಾರದಿರಲಿ ಇನ್ಸುಲಿನ್ ಸ್ರವಿಸುವಂತೆ ಮಾಡುತ್ತವೆ. ಮಾತ್ರೆ ನುಂಗಿ ಊಟ ಎರಡು ಮೂರು ಗಂಟೆ ಮುಂದೆ ಹೋದರೆ ಸಕ್ಕರೆ ಕುಸಿಯಬಹುದು. ಮೆಟ್‌ಫಾರ್ಮಿನ್ ಒಂದನ್ನೇ ತಗೊಳ್ಳುವವರಿಗೆ ಈ ಅಪಾಯ ಕಡಿಮೆ. ಹಾಗಾಗಿ ಮೊದಲ ಸಲಹೆ, ತಂದೆಯ ಮಾತ್ರೆಗಳ ಪಟ್ಟಿಯನ್ನೂ ಈ ಹಾಳೆಯನ್ನೂ ಹಿಡಿದುಕೊಂಡು ಅವರ ವೈದ್ಯರ ಹತ್ತಿರ ಹೋಗಿ ಬನ್ನಿ. ವೈದ್ಯರು ಪಟ್ಟಿ ನೋಡಿ, ಸಂಜೆಯ ಮಾತ್ರೆಯನ್ನು ಗಡಿಯಾರ ನೋಡಿ ಅಲ್ಲ, ಊಟದ ತಟ್ಟೆ ಕಣ್ಣೆದುರು ಬಂದ ಮೇಲೆ ತಗೊಳ್ಳಿ ಎಂದು ಬರೆದುಕೊಟ್ಟರು. ಮೂತ್ರ ಹೆಚ್ಚಿಸುವ ಮಾತ್ರೆ ಪ್ರಯಾಣದ ದಿನ ಎಷ್ಟು ಹೊತ್ತಿಗೆ ಎನ್ನುವುದನ್ನೂ ಅವರೇ ನಿರ್ಧರಿಸಿದರು. ಇದನ್ನು ಮನೆಯಲ್ಲಿ ನಾವು ನಾವೇ ಬಿಡುವುದು, ಹಿಂದೆಮುಂದೆ ಮಾಡುವುದು ಸಲ್ಲದು.

ಎರಡನೇ ಭೇಟಿಯಲ್ಲಿ ವನಿತಾ ಹಗುರಾಗಿದ್ದರು. "ಹಾಗಾದ್ರೆ ಎಲ್ಲಾ ಶುಗರ್‌ದೇ ತಪ್ಪು" ಅಂದರು. ಅಷ್ಟು ಸುಲಭಕ್ಕೆ ನಾವು ಬಿಡಲಿಲ್ಲ. ಸಕ್ಕರೆ ಇಳಿದದ್ದು ಎಂಟು ಗಂಟೆಯ ಸಿಟ್ಟನ್ನು ವಿವರಿಸಬಹುದು, ಆಮೇಲಿನ ಎರಡು ದಿನದ ಮೌನವನ್ನು ವಿವರಿಸುವುದಿಲ್ಲ. ಅದಕ್ಕೆ ತಂದೆಯನ್ನೇ ಕೇಳಬೇಕಿತ್ತು.

ಮೂರನೇ ಭೇಟಿ: ಅಪ್ಪ ಅಮ್ಮ ಬಂದರು

ತಂದೆ ಮೊದಲ ಕಾಲು ಗಂಟೆ ತುಟಿ ಬಿಚ್ಚಲಿಲ್ಲ. ತಾಯಿಯೇ ಮಾತಾಡಿದರು, ಮಗಳು ಎಷ್ಟು ಒಳ್ಳೆಯವಳು, ಎಷ್ಟು ಖರ್ಚು ಮಾಡಿದಳು ಅಂತ. ಆಗ ತಂದೆಗೆ ಒಂದು ಸರಳ ಪ್ರಶ್ನೆ ಹಾಕಿದೆವು. "ಅವತ್ತು ಏರ್‌ಪೋರ್ಟಿನಲ್ಲಿ ನಿಮ್ಮ ಕೈಯಲ್ಲಿ ಏನಿತ್ತು?"

"ಏನೂ ಇರ್ಲಿಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ ಪಾಸ್‌ಪೋರ್ಟು ಕೂಡ ನನ್ ಹತ್ರ ಇರ್ಲಿಲ್ಲ. ಕೌಂಟರ್‌ನಲ್ಲಿ ಆ ಹುಡುಗ ನನ್ ಹೆಸರು ಕೇಳ್ದ, ಇವಳು ಹೇಳಿದ್ಳು. ನನಗೆ ಹೆಸರು ಹೇಳೋಕೂ ಬರಲ್ವಾ?"

ವನಿತಾ ತಲೆ ತಗ್ಗಿಸಿದರು. ಮೂರೂ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು, ದುಡ್ಡು, ಹೋಟೆಲ್ ಕಾಗದ ಎಲ್ಲವನ್ನೂ ಅವರು ಒಂದೇ ಪೌಚಿನಲ್ಲಿ ಕೊರಳಿಗೆ ಹಾಕಿಕೊಂಡಿದ್ದರು. ಅಪ್ಪ ಕಳೆದುಬಿಟ್ಟರೆ ಎಂಬ ಭಯ, ಅಷ್ಟೇ. ಆದರೆ ಜೀವನವಿಡೀ ಮನೆಮಂದಿಯ ಟಿಕೆಟ್ಟು ತನ್ನ ಜೇಬಿನಲ್ಲಿಟ್ಟುಕೊಂಡು, ಎಲ್ಲರನ್ನೂ ಹತ್ತಿಸಿ ಇಳಿಸಿದ ಮನುಷ್ಯನಿಗೆ ಅಂದು ಖಾಲಿ ಕೈ. ಬೆಲ್ಟು ಇಲ್ಲ, ಶೂ ಇಲ್ಲ, ಪಾಸ್‌ಪೋರ್ಟು ಇಲ್ಲ, ಹಿಂದಿನಿಂದ "ಬೇಗ" ಅನ್ನುವ ಮಗಳು. ಆ ಸೆಕ್ಯೂರಿಟಿ ಸಾಲು ಮರೆಯದೇ ಉಳಿದಿದ್ದರೆ ಆಶ್ಚರ್ಯವಿಲ್ಲ. ಮಕ್ಕಳು ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆ. ಎಲ್ಲವನ್ನೂ ತಾವೇ ಹೊತ್ತುಕೊಂಡರೆ ಹೆತ್ತವರಿಗೆ ಹಗುರ ಎಂದುಕೊಳ್ಳುತ್ತಾರೆ. ಭಾರ ಇಳಿಸುವ ಭರದಲ್ಲಿ ಅವರ ಕೈಯಿಂದ ಏನೇನು ಕಸಿದುಕೊಂಡೆವು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಮಗಳು ಅಲ್ಲೇ ಹೇಳಿದ ಮಾತು: "ಅಪ್ಪ, ಆವತ್ತು ನಿಮ್ಮನ್ನ ಅವಸರ ಮಾಡಿದ್ದು ನನ್ ತಪ್ಪು. ಈ ಸಲ ನಿಮ್ಮ ಪಾಸ್‌ಪೋರ್ಟ್ ನಿಮ್ಮ ಹತ್ರಾನೇ ಇರ್ಲಿ." ಕ್ಷಮೆ ಕೇಳುವಾಗ ನಾವು ಜನರಿಗೆ ಹೇಳುವುದು ಇಷ್ಟನ್ನೇ: ಒಂದು ನಿರ್ದಿಷ್ಟ ಸಂಗತಿ ಹೆಸರಿಸಿ, "ಆದರೆ" ಸೇರಿಸಬೇಡಿ, ಮುಂದಿನ ಸಲ ಏನು ಬೇರೆ ಮಾಡುತ್ತೀರಿ ಎನ್ನುವುದನ್ನು ಒಂದೇ ವಾಕ್ಯದಲ್ಲಿ ಹೇಳಿ, ನಿಲ್ಲಿಸಿ. ತಂದೆ ಉತ್ತರ ಕೊಡಲಿಲ್ಲ. ಆದರೆ ಎದ್ದು ಹೋಗುವಾಗ "ಜೆರಾಕ್ಸ್ ಕಾಪಿ ಮಾತ್ರ ನೀನು ಇಟ್ಕೊಂಡಿರು" ಅಂದರು.

ತಾಯಿಯ ವಿಷಯ ಬೇರೆಯೇ ಇತ್ತು. ಹೋದ ಸಲ ವೀಲ್‌ಚೇರ್ ಬೇಡವೆಂದು ಹಟ ಮಾಡಿ ಗೇಟಿನವರೆಗೂ ನಡೆದರು. ದೊಡ್ಡ ನಿಲ್ದಾಣಗಳಲ್ಲಿ ಅದು ಒಂದು ಕಿಲೋಮೀಟರಿಗೂ ಮೇಲಾಗಬಹುದು, ನಡುನಡುವೆ ನಿಂತೇ ಇರಬೇಕಾದ ಸಾಲುಗಳು ಬೇರೆ. ಮಂಡಿ ಊದಿಕೊಂಡು ಮೂರು ದಿನ ಇಳಿಯಲಿಲ್ಲ. "ನಾಲ್ಕು ಜನ ನೋಡ್ತಾರೆ, ಇಷ್ಟು ಚೆನ್ನಾಗಿರೋಳು ಗಾಡೀಲಿ ಕೂತಿದಾಳೆ ಅಂತಾರೆ" ಎನ್ನುವುದು ಅವರ ಸಂಕೋಚ. ಅವರಿಗೆ ಒಪ್ಪಿಗೆಯಾದ ಮಾತು ಮಗಳಿಂದಲ್ಲ, ಗಂಡನಿಂದ ಬಂತು: "ನೀನು ಅಲ್ಲಿ ಹೋಗಿ ಓಡಾಡ್ಬೇಕು ಅಂದ್ರೆ ಮಂಡೀನ ಇಲ್ಲೇ ಯಾಕೆ ಸವೆಸ್ತೀಯ?" ಇಂಥ ಕಡೆ ಸಲಹೆಗಾರರು ಬಾಯಿ ಮುಚ್ಚಿಕೊಂಡಿರುವುದೇ ಮೇಲು.

ನಾಲ್ಕನೇ ಭೇಟಿಯಲ್ಲಿ ಬರೆದುಕೊಂಡ ಯೋಜನೆ

ಸಂಜೆ ವಿಮಾನದ ಬಗ್ಗೆ ಒಂದು ತಪ್ಪು ಲೆಕ್ಕ ಎಲ್ಲರಲ್ಲೂ ಇದೆ: ಹಗಲೆಲ್ಲ ಕೈಯಲ್ಲಿದೆ, ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಊರು. ವಯಸ್ಸಾದವರಿಗೆ ಆ ಕೈಯಲ್ಲಿರುವ ಹಗಲೇ ಶತ್ರು. ಬೇಗ ಏಳುತ್ತಾರೆ, ಮಧ್ಯಾಹ್ನದ ನಿದ್ದೆ ತಪ್ಪುತ್ತದೆ, ಊಟ ಕಡಿಮೆಯಾಗುತ್ತದೆ, ನೀರು ಬಿಡುತ್ತಾರೆ. ಹತ್ತುವ ಹೊತ್ತಿಗೆ ಎದ್ದು ಹದಿನಾರು ಗಂಟೆ ದಾಟಿರುತ್ತದೆ. ಅವರ ಹಾಳೆಯಲ್ಲೂ ಅಷ್ಟೇ ಇತ್ತು. ಇಳಿಯುವಾಗ ಅಲ್ಲಿ 6.10, ದೇಹಕ್ಕೆ ಮಾತ್ರ ಬೆಳಗಿನ ಜಾವ 3.40. ಆದ್ದರಿಂದ ನಾವು ಯೋಜನೆ ಶುರು ಮಾಡಿದ್ದು ಹಿಂದಿನ ದಿನದ ಸಂಜೆಯಿಂದ.

ಹಿಂದಿನ ದಿನ ಸಂಜೆ ಆರಕ್ಕೆ ಬ್ಯಾಗುಗಳ ಜಿಪ್ ಮುಚ್ಚಬೇಕು, ತೂಕವೂ ಆಗಿರಬೇಕು. ಮಿತಿಗಿಂತ ಒಂದು ಕೆ.ಜಿ. ಕಡಿಮೆಯೇ ಇರಲಿ, ಮನೆಯ ತಕ್ಕಡಿಗೂ ಕೌಂಟರಿನದಕ್ಕೂ ವ್ಯತ್ಯಾಸ ಬರುತ್ತದೆ. ಆಮೇಲೆ ಯಾರೂ ಬಿಚ್ಚುವ ಹಾಗಿಲ್ಲ. ಮಾರನೆಯ ದಿನ ಎಂದಿನ ಹೊತ್ತಿಗೆ ಏಳುವುದು, ಅಲಾರಂ ಬೇಡ. ಹನ್ನೆರಡೂವರೆಗೆ ಹೊಟ್ಟೆ ತುಂಬ ಊಟ. ಒಂದೂಕಾಲರಿಂದ ಎರಡೂಮುಕ್ಕಾಲರವರೆಗೆ ಪರದೆ ಎಳೆದ ಕೋಣೆಯಲ್ಲಿ ಮಲಗುವುದು. ನಿದ್ದೆ ಬಾರದಿದ್ದರೂ ಕಾಲು ಚಾಚಿ ಕಣ್ಣು ಮುಚ್ಚಿಕೊಂಡಿರಲಿ. ಆ ಹೊತ್ತಿನಲ್ಲಿ ಬೀಳ್ಕೊಡಲು ನೆಂಟರು ಬರಬಾರದು, ಫೋನೂ ಬೇಡ. ವನಿತಾರ ಅಣ್ಣ ಬೇರೆ ಊರಿನಿಂದ ಗಂಟೆಗೊಮ್ಮೆ ಕರೆ ಮಾಡಿ ಸೂಚನೆ ಕೊಡುವವರು. ಅವರಿಗೆ ಮೊದಲೇ ಹೇಳಿದೆವು, ಕರೆ ಮೂರರ ಮೇಲೆ ಮಾತ್ರ. ಮೂರೂಕಾಲಿಗೆ ತಿಂಡಿ, ಮೂರೂಮುಕ್ಕಾಲಿಗೆ ಹೊರಡುವುದು.

8.40ರ ಹಾರಾಟಕ್ಕೆ ಐದೂವರೆಯೊಳಗೆ ತಲುಪಿದರೆ ಸಾಕು. ಅಂತರರಾಷ್ಟ್ರೀಯ ವಿಮಾನಗಳಿಗೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಮೂರು ಗಂಟೆ ಮೊದಲು ತೆರೆದು ಒಂದು ಗಂಟೆ ಮೊದಲು ಮುಚ್ಚುತ್ತದೆ. ಅದಕ್ಕೂ ಮೊದಲೇ ಹೋದರೆ ಹಿರಿಯರು ಕೂರಲು ಜಾಗವಿಲ್ಲದ ಕಡೆ ನಿಂತಿರುತ್ತಾರೆ, ಅಷ್ಟೇ ಲಾಭ. ಸೆಕ್ಯೂರಿಟಿ ಮುಗಿಯುವಷ್ಟರಲ್ಲಿ ಏಳರ ಆಸುಪಾಸು ಆಗುತ್ತದೆ. ಅಲ್ಲೇ ಕೂತು ರಾತ್ರಿಯೂಟ ಮಾಡಬೇಕು, ದುಡ್ಡಿನ ಮುಖ ನೋಡಬಾರದು. ತಟ್ಟೆ ಬಂದ ಮೇಲೆ ಮಾತ್ರೆ. ವಿಮಾನದ ಊಟ ಬಂದರೆ ತಿನ್ನಲಿ, ಬಿಡಲಿ, ಅದರ ಮೇಲೆ ಯಾವ ಮಾತ್ರೆಯೂ ನಿಂತಿರಬಾರದು. ಗೇಟ್ ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತದೆ. ಹಾಗಾಗಿ ಎಂಟಕ್ಕೆ ಹತ್ತು ನಿಮಿಷ ಇರುವಾಗ ಟಾಯ್ಲೆಟ್‌ಗೆ ಹೋಗಿ ಬಂದು ಸಾಲಿಗೆ ನಿಲ್ಲುವುದು.

ತಂದೆಯ ಶರ್ಟಿನ ಜೇಬಿನಲ್ಲಿ ಗ್ಲೂಕೋಸ್ ಮಾತ್ರೆ. ಮೀಟರ್ ಕೈಚೀಲದಲ್ಲಿ. 70ಕ್ಕಿಂತ ಕೆಳಗೆ ತೋರಿಸಿದರೆ, ಅಥವಾ ಬೆವರು ನಡುಕ ಬಂದು ನೋಡಲು ವ್ಯವಧಾನ ಇಲ್ಲದಿದ್ದರೆ, 15 ಗ್ರಾಂ ಸಕ್ಕರೆಯ ಲೆಕ್ಕಕ್ಕೆ ತಿಂದು, 15 ನಿಮಿಷ ಕಾದು ಮತ್ತೆ ನೋಡುವುದು. ಏರದಿದ್ದರೆ ಇನ್ನೊಮ್ಮೆ ಅಷ್ಟೇ ತಿನ್ನುವುದು. ಒಂದು ಮಾತ್ರೆಯಲ್ಲಿ ಎಷ್ಟು ಗ್ರಾಂ ಎಂದು ಡಬ್ಬಿಯ ಮೇಲೆ ಇರುತ್ತದೆ, 4 ಗ್ರಾಂನದಾದರೆ ನಾಲ್ಕು ಬೇಕು. ಜ್ಯೂಸ್ ಬಾಟಲಿಗಿಂತ ಮಾತ್ರೆ ಅನುಕೂಲ, ಕೈಸಾಮಾನಿನ 100 ಎಂ.ಎಲ್. ದ್ರವದ ಮಿತಿಯ ತಕರಾರಿಗೆ ಬರುವುದಿಲ್ಲ. ಇದನ್ನು ವನಿತಾ ತಾಯಿಗೆ ಕಲಿಸಿದರು. ತಂದೆ ಸಿಡುಕಿದಾಗ ಮೊದಲು ಬೆರಳು ಚುಚ್ಚಿ ನೋಡುವುದು, ಮಾತು ಆಮೇಲೆ.

ಔಷಧಿ ಒಂದನ್ನೂ ಲಗೇಜಿಗೆ ಹಾಕಬಾರದು. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ತಗೊಂಡು, ಎರಡು ಪಾಲು ಮಾಡಿ ಇಬ್ಬರ ಕೈಚೀಲದಲ್ಲಿ ಇಡಿ; ಒಂದು ಚೀಲ ಕಳೆದರೂ ಅರ್ಧ ಉಳಿಯುತ್ತದೆ. ಮಾತ್ರೆಗಳನ್ನು ಬಿಡಿಸಿ ಡಬ್ಬಿಗೆ ತುಂಬದೆ ಸ್ಟ್ರಿಪ್ಪಿನಲ್ಲೇ ಇರಲಿ, ಜೊತೆಗೆ ವೈದ್ಯರ ಚೀಟಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿಗಿಂತ ಮೂಲ ಔಷಧಿಯ ಹೆಸರು ಮುಖ್ಯ, ಬೇರೆ ದೇಶದ ವೈದ್ಯರಿಗೆ ಅರ್ಥವಾಗುವುದು ಅದೇ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೆಲವು ನಿದ್ದೆ ಮಾತ್ರೆಗಳಿಗೆ ಎಷ್ಟೋ ದೇಶಗಳಲ್ಲಿ ಕಟ್ಟುನಿಟ್ಟಿದೆ. ವನಿತಾರ ತಾಯಿಯ ಮಂಡಿನೋವಿನ ಸ್ಟ್ರಿಪ್ಪಿನಲ್ಲಿ ಟ್ರಮಡಾಲ್ ಇತ್ತು! ಸಾಕಷ್ಟು ಮೊದಲೇ ನೋಡಿದ್ದರಿಂದ ವೈದ್ಯರನ್ನು ಕೇಳಿ ಬೇರೆಯದಕ್ಕೆ ಬದಲಾಯಿಸಿಕೊಳ್ಳಲು ಸಮಯ ಸಿಕ್ಕಿತು. ಪಾಸ್‌ಪೋರ್ಟಿನ ಅವಧಿಯನ್ನೂ ಅಂದೇ ನೋಡಿದರು. ಪ್ರಯಾಣದ ದಿನದಿಂದ ಆರು ತಿಂಗಳು ಉಳಿದಿರಬೇಕು ಎಂದು ಅನೇಕ ದೇಶಗಳು ಕೇಳುತ್ತವೆ. ವಿಮೆ ಮಾಡಿಸುವಾಗ ಸಕ್ಕರೆ, ಬಿಪಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಹಣ ಕೇಳುವ ಹೊತ್ತಿಗೆ ಅದನ್ನೇ ನೆಪವಾಗಿ ಹಿಡಿಯುತ್ತಾರೆ.

ರಾತ್ರಿ ನಿದ್ದೆ ಬರಲಿ ಎಂದು ಅಲರ್ಜಿ ಮಾತ್ರೆ ಕೊಡುವ ಅಭ್ಯಾಸ ಕೆಲವು ಮನೆಗಳಲ್ಲಿ ಇದೆ. ದಯವಿಟ್ಟು ಬೇಡ. ಡೈಫೆನ್‌ಹೈಡ್ರಮೈನ್, ಕ್ಲೋರ್‌ಫೆನಿರಮೈನ್‌ನಂಥವು ವಯಸ್ಸಾದವರಲ್ಲಿ ಗೊಂದಲ ತರುತ್ತವೆ, ಪ್ರಾಸ್ಟೇಟ್ ದೊಡ್ಡದಾಗಿರುವ ಗಂಡಸರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು. ಮೇಲಾಗಿ ಮಂಪರಿನಲ್ಲಿ ಕಾಲು ಅಲುಗಾಡುವುದಿಲ್ಲ. ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಹದಿನೈದು ಸಲ, ಎಚ್ಚರವಿದ್ದಾಗ ಗಂಟೆಗೊಮ್ಮೆ. ಟಾಯ್ಲೆಟ್ ನೆಪದಲ್ಲಿ ಎರಡು ಗಂಟೆಗೊಮ್ಮೆ ಎದ್ದು ನಡೆಯುವುದು. ವಿಮಾನದೊಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ, ತೇವವೋ ಹೆಚ್ಚಾಗಿ ಶೇ. 20ಕ್ಕಿಂತ ಕಡಿಮೆ. ನೀರು ಬಿಡುವಂತಿಲ್ಲ. ತಂದೆಯ ಭಯಕ್ಕೆ ಮದ್ದು ನೀರು ಬಿಡುವುದರಲ್ಲಿಲ್ಲ, ಸೀಟಿನಲ್ಲಿದೆ. ತಂದೆಗೆ ನಡುದಾರಿ ಪಕ್ಕದ ಸೀಟು, ಟಾಯ್ಲೆಟ್‌ನಿಂದ ನಾಲ್ಕೈದು ಸಾಲು ದೂರ. ತೀರ ಹತ್ತಿರವಾದರೆ ರಾತ್ರಿಯಿಡೀ ಬೆಳಕು, ಬಾಗಿಲ ಸದ್ದು, ಸಾಲಿನಲ್ಲಿ ನಿಂತವರ ಮೈ ತಾಗುವುದು. ತಾಯಿಗೆ ದಾರಿಯ ಆ ಕಡೆಯ ಸೀಟು, ಮಗಳು ತಾಯಿಯ ಪಕ್ಕ. ಒಬ್ಬರನ್ನೊಬ್ಬರು ಎಬ್ಬಿಸದೆ ಇಬ್ಬರೂ ಏಳಬಹುದು.

ಇನ್ನು ವೀಲ್‌ಚೇರ್. ಇದರಲ್ಲಿ ಜನ ಎಡವುವುದು ಹೆಚ್ಚು. ವಿಮಾನ ಕಂಪನಿಗೆ ಕನಿಷ್ಠ 48 ಗಂಟೆ ಮೊದಲು ತಿಳಿಸಬೇಕು, ಟಿಕೆಟ್ ಮಾಡುವಾಗಲೇ ಸೇರಿಸಿದರೆ ಇನ್ನೂ ವಾಸಿ. ಕೇಳುವಾಗ ಮೂರು ಬಗೆ ಇವೆ. ದೂರ ನಡೆಯಲಾಗದು, ಮೆಟ್ಟಿಲು ಹತ್ತಬಲ್ಲೆ ಎನ್ನುವವರಿಗೆ ಡಬ್ಲ್ಯುಸಿಎಚ್‌ಆರ್. ಮೆಟ್ಟಿಲೂ ಕಷ್ಟ, ಒಳಗೆ ಸೀಟಿನವರೆಗೆ ನಡೆಯಬಲ್ಲೆ ಎಂದರೆ ಡಬ್ಲ್ಯುಸಿಎಚ್‌ಎಸ್. ಸೀಟಿನವರೆಗೂ ಎತ್ತಿ ಕೂರಿಸಬೇಕಾದರೆ ಡಬ್ಲ್ಯುಸಿಎಚ್‌ಸಿ. ಬುಕಿಂಗ್ ಪುಟದಲ್ಲಿ ಮೊದಲನೆಯದನ್ನು ಒತ್ತಿ ಮುಂದೆ ಹೋಗುವವರೇ ಹೆಚ್ಚು. ಆಮೇಲೆ ವಿಮಾನವು ನಿಲ್ದಾಣದ ಕಟ್ಟಡದಿಂದ ನೇರ ಒಳಹೋಗುವ ಸೇತುವೆಗೆ ಬಂದು ನಿಲ್ಲದೆ ದೂರದಲ್ಲಿ ನಿಂತು, ಬಸ್ಸಿನಲ್ಲಿ ಹೋಗಿ ಮೆಟ್ಟಿಲು ಹತ್ತಬೇಕಾದಾಗ ಮಂಡಿನೋವಿನವರು ಕೆಳಗೇ ನಿಂತುಬಿಡುತ್ತಾರೆ. ತಾಯಿಗೆ ನಾವು ಎರಡನೆಯದನ್ನು ಕೇಳಲು ಹೇಳಿದೆವು. ಇಳಿಯುವ ಕಡೆಗೂ ಬೇಕು ಎಂದು ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಎಚ್ಚರ. ಗಾಡಿ ತಳ್ಳುವವರು ಬೇರೆ ಸಾಲಿನಲ್ಲಿ ಸರಸರನೆ ಹೋಗುತ್ತಾರೆ, ಜೊತೆಗೆ ಸಾಮಾನ್ಯವಾಗಿ ಒಬ್ಬರನ್ನು ಬಿಡುತ್ತಾರೆ. ಪಾಸ್‌ಪೋರ್ಟುಗಳೆಲ್ಲ ಮಗಳ ಕೊರಳಲ್ಲಿದ್ದರೆ ತಾಯಿ ಇಮಿಗ್ರೇಷನ್ ಮೇಜಿನ ಮುಂದೆ ಬರಿಗೈಯಲ್ಲಿ ಕೂತಿರುತ್ತಾರೆ, ಮಗಳು ಇನ್ನೊಂದು ಸಾಲಿನ ಕೊನೆಯಲ್ಲಿ. ತಂದೆ ಕೇಳಿದ ಪಾಸ್‌ಪೋರ್ಟು ಬರೀ ಮಾನದ ಪ್ರಶ್ನೆಯಾಗಿರಲಿಲ್ಲ, ಪ್ರಯಾಣಕ್ಕೂ ಅದೇ ಸರಿ. ಮೂವರಿಗೂ ಒಂದೊಂದು ಪೌಚು ಮಾಡಿದರು. ಪ್ರತಿಯೊಂದರಲ್ಲೂ ಅವರವರ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು, ಸ್ವಲ್ಪ ಆ ದೇಶದ ದುಡ್ಡು, ಮತ್ತು ದಪ್ಪಕ್ಷರದ ಒಂದು ಚೀಟಿ. ಎಲ್ಲಿ ಇಳಿದುಕೊಳ್ಳುತ್ತೇವೆ, ಎಷ್ಟು ದಿನ, ವಾಪಸ್ ಯಾವಾಗ, ಜೊತೆಗೆ ಯಾರು, ಖರ್ಚು ಯಾರದು ಎನ್ನುವುದು ಅದರಲ್ಲಿತ್ತು. ಇಮಿಗ್ರೇಷನ್ ಅಧಿಕಾರಿ ಕೇಳುವುದು ಹೆಚ್ಚುಕಡಿಮೆ ಇಷ್ಟನ್ನೇ. ಮನೆಯಲ್ಲಿ ಎರಡು ಸಂಜೆ ಮೂವರೂ ಕೂತು ಕೇಳಿ ಹೇಳಿ ಅಭ್ಯಾಸ ಮಾಡಿದರು. ಅಧಿಕಾರಿಯ ಪಾತ್ರ ತಂದೆಯದು.

ತಂದೆಗೆ ನಿಜವಾದ ಒಂದು ಜವಾಬ್ದಾರಿಯೂ ಬೇಕಿತ್ತು. ಸುಮ್ಮನೆ ಸಮಾಧಾನಕ್ಕೆ ಕೊಟ್ಟದ್ದನ್ನು ಹಿರಿಯರು ಕೂಡಲೇ ಗುರುತಿಸುತ್ತಾರೆ. ಗೇಟ್ ಸಂಖ್ಯೆ ಮತ್ತು ಸಮಯ ಬದಲಾಗುವುದನ್ನು ಪರದೆಯ ಮೇಲೆ ನೋಡಿ ಹೇಳುವುದು ಅವರ ಕೆಲಸವಾಯಿತು, ಮಗಳು ಫೋನಿನ ಆ್ಯಪ್ ತೆಗೆಯುವಂತಿಲ್ಲ. ಬಟ್ಟೆಯ ಮಾತು ಚಿಕ್ಕದು. ಬೆಲ್ಟು ಬೇಡದ, ಸೊಂಟಕ್ಕೆ ಎಲಾಸ್ಟಿಕ್ ಇರುವ ಪ್ಯಾಂಟು. ಸುಲಭಕ್ಕೆ ಕಳಚುವ, ಕಾಲು ಊದಿದರೂ ಹಿಡಿಯುವ ಶೂ. ಮತ್ತೆ "ಬೇಗ" ಎಂಬ ಪದ ಅಂದು ಮನೆಯವರ್ಯಾರ ಬಾಯಲ್ಲೂ ಬರಬಾರದು.

ಇಳಿದ ದಿನ

ಹೋದ ವರ್ಷ 6.10ಕ್ಕೆ ಇಳಿದು, ಒಂಬತ್ತೂಕಾಲಿಗೆ ಹೋಟೆಲ್ ತಲುಪಿದಾಗ ಕೋಣೆ ಮೂರು ಗಂಟೆಗೆ ಅಂದರು. ಮಗಳು ಹತ್ತೂವರೆಗೆ ಊರು ಸುತ್ತುವ ಬಸ್ಸನ್ನೂ ಬುಕ್ ಮಾಡಿದ್ದರು! ರಾತ್ರಿಯಿಡೀ ಕೂತು ಬಂದವರನ್ನು ಮತ್ತೆ ಬಸ್ಸಿನಲ್ಲಿ ಕೂರಿಸಿದರೆ ಮಾತು ಹೇಗೆ ಹೊರಡುತ್ತದೆ? ರಾತ್ರಿ ಹಾರಿ ಬೆಳಗ್ಗೆ ಇಳಿಯುವವರು ಮಾಡಬೇಕಾದ ಒಂದೇ ದೊಡ್ಡ ಖರ್ಚು ಇದ್ದರೆ ಅದು ಹಿಂದಿನ ರಾತ್ರಿಗೂ ಸೇರಿಸಿ ಕೋಣೆ ಹಿಡಿಯುವುದು. ಬೆಳಗಿನ ಜಾವ ಬರುತ್ತೇವೆ ಎಂದು ಹೋಟೆಲ್‌ಗೆ ಬರೆದು ತಿಳಿಸಿ, ಇಲ್ಲದಿದ್ದರೆ ರಾತ್ರಿ ಬರಲಿಲ್ಲ ಎಂದು ಬುಕಿಂಗ್ ರದ್ದು ಮಾಡಿಬಿಡಬಹುದು. ಒಂದು ಜಾಗ ಕಡಿಮೆ ನೋಡಿದರೂ ಪರವಾಗಿಲ್ಲ ಎಂದಾಗ ವನಿತಾ ಒಪ್ಪಿದರು.

ಮೊದಲ ದಿನ ಹಣ ಕಟ್ಟಿದ ಯಾವ ಕಾರ್ಯಕ್ರಮವೂ ಬೇಡ. ಸ್ನಾನ, ತಿಂಡಿ, ಎರಡು ಗಂಟೆ ನಿದ್ದೆ. ಅದಕ್ಕಿಂತ ಹೆಚ್ಚು ಮಲಗಿದರೆ ಆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಆಮೇಲೆ ಹಗಲ ಬೆಳಕಿನಲ್ಲಿ ಸ್ವಲ್ಪ ನಡಿಗೆ. ಪೂರ್ವಕ್ಕೆ ಹೋದಾಗ ಹೊಂದಿಕೊಳ್ಳುವುದು ಪಶ್ಚಿಮಕ್ಕಿಂತ ಕಷ್ಟ, ಗಂಟೆಗೊಂದು ದಿನದ ಲೆಕ್ಕದಲ್ಲಿ ಎರಡೂವರೆ ಗಂಟೆಗೆ ಎರಡು ಮೂರು ದಿನ ಹಿಡಿಯಬಹುದು.

ಇಲ್ಲಿ ವನಿತಾ ತಮ್ಮ ಬಗ್ಗೆಯೇ ಒಂದು ಮಾತು ಹೇಳಿದರು. "ಅವರು ಖುಷಿಯಾಗಿದ್ದಾರಾ ಅಂತ ನಾನು ಹತ್ತು ನಿಮಿಷಕ್ಕೊಂದ್ಸಲ ಮುಖ ನೋಡ್ತಿದ್ದೆ. ಫೋಟೋ ತೆಗೆದು ಅಣ್ಣಂಗೆ ಕಳಿಸ್ಬೇಕಿತ್ತಲ್ಲ." ಹೆತ್ತವರ ಋಣ ತೀರಿಸುವ ಪ್ರವಾಸ ಎಂದುಕೊಂಡು ಹೊರಟರೆ, ಅವರ ಸುಸ್ತು ಕೂಡ ನಮ್ಮ ಮೇಲಿನ ದೂರಿನಂತೆ ಕಾಣುತ್ತದೆ. ಖುಷಿನಾ ಎಂದು ದಿನಕ್ಕೊಮ್ಮೆಯೂ ಕೇಳಬೇಡಿ, ಬದಲಿಗೆ "ಕಾಲು ಹೇಗಿದೆ, ಕೂರೋಣ್ವಾ" ಎಂದು ಕೇಳಿ ಎಂದೆವು. ಉತ್ತರ ಕೊಡಲು ಸುಲಭವಾದ ಪ್ರಶ್ನೆ ಅದು.

ಸಂಜೆ ವಿಮಾನ ಎಲ್ಲರಿಗೂ ಆಗುವುದಿಲ್ಲ ಎನ್ನುವುದನ್ನೂ ಹೇಳಬೇಕು. ಮರೆವಿನ ಕಾಯಿಲೆ ಶುರುವಾದವರಲ್ಲಿ ಹೊತ್ತು ಇಳಿಯುತ್ತಿದ್ದಂತೆ ಗೊಂದಲ, ಚಡಪಡಿಕೆ ಹೆಚ್ಚಬಹುದು. ಅಂಥವರನ್ನು ಆ ಹೊತ್ತಿನಲ್ಲಿ ಗದ್ದಲದ, ಕಣ್ಣು ಕುಕ್ಕುವ ಬೆಳಕಿನ ನಿಲ್ದಾಣಕ್ಕೆ ಕರೆದೊಯ್ಯುವುದಕ್ಕಿಂತ ಬೆಳಗಿನ ವಿಮಾನ ಹಿಡಿಯುವುದೇ ಸರಿ. ಇತ್ತೀಚೆಗೆ ಹೃದಯಾಘಾತ, ಪಾರ್ಶ್ವವಾಯು, ದೊಡ್ಡ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆಯಿಲ್ಲದೆ ಯಾವ ವಿಮಾನವನ್ನೂ ಹತ್ತಬಾರದು.

ವಾಪಸ್ ಬಂದ ಮೇಲೆ

ಈ ಸಲ ವಿಮಾನವೇ ಒಂದು ಗಂಟೆ ಐವತ್ತು ನಿಮಿಷ ತಡವಾಯಿತಂತೆ. ಪರದೆಯ ಮೇಲೆ ಮೊದಲು ನೋಡಿ ಹೇಳಿದವರು ತಂದೆ. ಊಟ ಏಳೂಕಾಲಿಗೇ ಆಗಿದ್ದರಿಂದ ಮಾತ್ರೆಯ ಗಡಿಬಿಡಿ ಇರಲಿಲ್ಲ. ಒಂಬತ್ತೂವರೆಗೆ ತಾಯಿ ಬೆರಳು ಚುಚ್ಚಿ ನೋಡಿದರು, 118 ಇತ್ತು. ಗಾಡಿ ತಳ್ಳುವ ಹುಡುಗ ತಾಯಿಯನ್ನು ಮುಂದೆ ಕರೆದೊಯ್ದ, ಅವರ ಪಾಸ್‌ಪೋರ್ಟು ಅವರ ಪೌಚಿನಲ್ಲೇ ಇತ್ತು. ತಪ್ಪಿದ್ದು ಒಂದೇ. ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕುವ ಬಿಗಿ ಕಾಲುಚೀಲವನ್ನು ತಾಯಿಗೆ ಅಳತೆ ತೆಗೆಯದೆ ಅಂಗಡಿಯಿಂದ ತಂದಿದ್ದರು. ಅದು ಮಂಡಿಯ ಹಿಂದೆ ಸುರುಳಿ ಸುತ್ತಿಕೊಂಡು ಗೆರೆ ಮೂಡಿಸಿತು, ರಾತ್ರಿಯೇ ಬಿಚ್ಚಿದರು. ಪಾದದ ಗಂಟು ಮತ್ತು ಮೀನಖಂಡದ ಸುತ್ತಳತೆ ಬೆಳಗ್ಗೆ ಊತ ಇಲ್ಲದಾಗ ತೆಗೆದು, ಅದಕ್ಕೆ ತಕ್ಕದ್ದನ್ನೇ ಕೊಳ್ಳಬೇಕು. ಕಾಲಿಗೆ ರಕ್ತ ಸರಿಯಾಗಿ ಹರಿಯದವರು ವೈದ್ಯರನ್ನು ಕೇಳದೆ ಅದನ್ನು ಹಾಕಲೇಬಾರದು.

ಆರನೇ ದಿನ ಅಪ್ಪ ಮಗಳ ನಡುವೆ ಜಗಳವೂ ಆಯಿತಂತೆ, ಯಾವ ದಾರಿಯಲ್ಲಿ ಹೋಗಬೇಕು ಎಂದು. ಅರ್ಧ ಗಂಟೆಯಲ್ಲಿ ಮುಗಿಯಿತು. ಮುಂದಿನ ವರ್ಷದ ಟಿಕೆಟ್ಟಿನ ಮಾತು ಬಂದಾಗ ತಂದೆ ಒಂದು ಷರತ್ತು ಹಾಕಿದ್ದಾರೆ: ಬುಕ್ ಮಾಡುವ ಮೊದಲು ಹೊರಡುವ ಹೊತ್ತು, ಇಳಿಯುವ ಹೊತ್ತು ಎರಡನ್ನೂ ತಮಗೆ ಬರೆದು ತೋರಿಸಬೇಕು. ಚೀಟಿಯ ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಲಿ ಅಂತಲೂ ಹೇಳಿದ್ದಾರೆ.